‘ಇಷ್ಟೂ ತಡ್ಕೊಳ್ಳೋಕಾಗಲ್ವಾ?’ ಅಂದವರಿಗೆ ಏನು ಹೇಳಲಿ?

ಹೋದ ತಿಂಗಳು ಇದೇ ಪುಟದಲ್ಲಿ ಐವಿಎಫ್ (ಟೆಸ್ಟ್ ಟ್ಯೂಬ್ ಮಗುವಿನ ಚಿಕಿತ್ಸೆ) ಖರ್ಚಿನ ಬಗ್ಗೆ ಬರೆದಿದ್ದೆ. ಇನ್ನೂ ದುಡ್ಡಿನ ಪ್ರಶ್ನೆಗಳೇ ಬರುತ್ತವೆ ಅಂದುಕೊಂಡಿದ್ದೆ. ಬಂದದ್ದು ಬೇರೆ. ಪತ್ರಗಳಲ್ಲಿ ಜಾಸ್ತಿ ನೋವಿನವೇ. ಎಷ್ಟು ನೋಯುತ್ತೆ, ಮಾತ್ರೆ ತಗೊಂಡರೆ ಮಗುವಿಗೆ ಏನಾದರೂ ಆಗುತ್ತಾ, ನೋವು ಅಂತ ಹೇಳಿದರೆ ಬೈತಾರಾ. ಹಾಗಾಗಿ ಈ ಸಲ ಅವಷ್ಟೇ. ನಾನು ಡಾಕ್ಟರ್ ಅಲ್ಲ, ಅದು ನಿಮಗೆ ಗೊತ್ತು. 22 ವರ್ಷ ಓಟಿ (ಆಪರೇಷನ್ ಥಿಯೇಟರ್) ಸಿಸ್ಟರ್ ಆಗಿದ್ದವಳು, ಅದರಲ್ಲಿ ಕೊನೆಯ 14 ವರ್ಷ ಎಗ್ ಪಿಕಪ್ (ಅಂಡಾಶಯದಿಂದ ಅಂಡಾಣು ತೆಗೆಯುವುದು) ಟೇಬಲ್ಲಿನ ತಲೆಯ ಕಡೆ ನಿಂತು ಕೈ ಹಿಡಿದುಕೊಂಡವಳು. ಯಾವ ಮಾತ್ರೆ, ಎಷ್ಟು ಅನ್ನುವುದರಲ್ಲಿ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

ಪ್ರಶ್ನೆ: ಅಕ್ಕಾ, ಮದುವೆಯಾಗಿ 4 ವರ್ಷ. ಮುಂದಿನ ತಿಂಗಳು ಎಚ್‌ಎಸ್‌ಜಿ ಟೆಸ್ಟ್ (ಟ್ಯೂಬ್, ಅಂದರೆ ಅಂಡನಾಳ ತೆರೆದಿದೆಯಾ ಅಂತ ನೋಡುವ ಎಕ್ಸ್‌ರೇ) ಮಾಡಿಸಿ ಅಂದಿದ್ದಾರೆ. ನಮ್ಮ ಓರಗಿತ್ತಿ ‘ಪ್ರಾಣ ಹೋಗಿ ಬರುತ್ತೆ ಕಣೇ’ ಅಂತಾಳೆ. ಲ್ಯಾಬಿನಲ್ಲಿ ಕೇಳಿದರೆ ‘ಏನೂ ಆಗಲ್ಲಮ್ಮ, ಐದೇ ನಿಮಿಷ’ ಅಂದರು. ಯಾರನ್ನು ನಂಬಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಇಬ್ಬರನ್ನೂ ಅರ್ಧರ್ಧ ನಂಬಿ. ಐದು ಹತ್ತು ನಿಮಿಷದ ಕೆಲಸ ಅನ್ನುವುದು ನಿಜ. ಏನೂ ಆಗಲ್ಲ ಅನ್ನುವುದು ಸುಳ್ಳು.

ನನ್ನದೇ ಹೇಳುತ್ತೇನೆ. ಆಗ ನನಗೆ 31. ನರ್ಸಾಗಿದ್ದೂ ಒಂದು ಮಾತ್ರೆ ನುಂಗದೆ ಹೋಗಿ ಎಕ್ಸ್‌ರೇ ಟೇಬಲ್ ಮೇಲೆ ಮಲಗಿದ್ದೆ, ಯಾಕೆಂದರೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಟೇಬಲ್ಲು ಐಸ್‌ನಂತೆ ತಣ್ಣಗಿತ್ತು. ಡೈ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ಒಳಗೆ ಹೋದ ತಕ್ಷಣ ಹೊಟ್ಟೆಯ ಕೆಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ‘ಅಮ್ಮಾ’ ಅಂದೆ. ಪಕ್ಕದಲ್ಲಿದ್ದವರು ‘ಇಷ್ಟೂ ತಡ್ಕೊಳ್ಳೋಕಾಗಲ್ವಾ? ನಾಳೆ ಹೆರಿಗೆ ಹೆಂಗೆ ಮಾಡ್ಕೋತೀಯ?’ ಅಂದರು. ಆಸ್ಪತ್ರೆಯ ಹೆಸರು ಬೇಡ, ಈ ಮಾತು ಅಲ್ಲಿ ಮಾತ್ರ ಹೇಳುತ್ತಾರೆ ಅಂತಲೂ ಇಲ್ಲ. ನನಗೆ ನೋವು ಎರಡು ನಿಮಿಷಕ್ಕೆ ಇಳಿಯಿತು. ಆ ಮಾತು ಇನ್ನೂ ಇಳಿದಿಲ್ಲ. ಯಜಮಾನರ ಸ್ಕೂಟರ್ ಹಿಂದೆ ಕೂತು ಮನೆಗೆ ಬರುವಾಗ ದಾರಿಯ ಒಂದೊಂದು ಹಂಪನ್ನೂ ಎಣಿಸಿದ್ದೇನೆ.

ಒಳಗೆ ಆಗುವುದು ಇಷ್ಟೇ. ಗರ್ಭಕೋಶದ ಬಾಯಿಂದ ಸಣ್ಣ ನಳಿಕೆ ಹಾಕಿ ಡೈ ಬಿಡುತ್ತಾರೆ, ಅದು ಟ್ಯೂಬಿನ ಮೂಲಕ ಆಚೆ ಚೆಲ್ಲುತ್ತಾ ಇಲ್ವಾ ಅಂತ ಎಕ್ಸ್‌ರೇಯಲ್ಲಿ ನೋಡುತ್ತಾರೆ. ಡೈ ತುಂಬುವಾಗ ಗರ್ಭಕೋಶ ಹಿಗ್ಗುತ್ತದೆ, ಅದಕ್ಕೇ ಸೆಳೆತ. ಟ್ಯೂಬ್ ಬ್ಲಾಕ್ ಆಗಿದ್ದರೆ ಒತ್ತಡ ಜಾಸ್ತಿಯಾಗಿ ನೋವೂ ಜಾಸ್ತಿ. ನಿಮ್ಮ ಓರಗಿತ್ತಿಗೆ ಹಾಗೇ ಆಗಿರಬಹುದು, ನಿಮಗೂ ಆಗಲೇಬೇಕೆಂದಿಲ್ಲ. ಮುಟ್ಟು ನಿಂತ ಮೇಲೆ, ಸಾಮಾನ್ಯವಾಗಿ ಮುಟ್ಟು ಶುರುವಾದ ದಿನದಿಂದ ಎಣಿಸಿ 6ರಿಂದ 10ನೇ ದಿನದೊಳಗೆ ಮಾಡುತ್ತಾರೆ.

ಈಗ ಮುಖ್ಯವಾದ ಮಾತು. ಟೆಸ್ಟಿಗೆ ಒಂದು ಗಂಟೆ ಮುಂಚೆ ನೋವಿನ ಮಾತ್ರೆ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಐಬುಪ್ರೊಫೆನ್ ಅಥವಾ ಮುಟ್ಟಿನ ನೋವಿಗೆ ಕೊಡುವ ಮೆಫೆನಮಿಕ್ ಆಸಿಡ್ ಜಾತಿಯದ್ದು ಕೊಡುತ್ತಾರೆ. ಅಸ್ತಮಾ, ಹೊಟ್ಟೆಹುಣ್ಣು, ಮಾತ್ರೆಯ ಅಲರ್ಜಿ ಏನಿದ್ದರೂ ಆಗಲೇ ಹೇಳಿಬಿಡಿ. ಅಯೋಡಿನ್ ಅಲರ್ಜಿ ಇದ್ದರೆ ಅದನ್ನಂತೂ ಮರೆಯಬೇಡಿ. ಟೇಬಲ್ ಮೇಲೆ ಮಲಗಿದಾಗ ‘ಡೈ ನಿಧಾನಕ್ಕೆ ಬಿಡಿ, ಬಿಡೋ ಮುಂಚೆ ಹೇಳಿ’ ಅನ್ನಿ. ಆಮೇಲೆ ಅಂಟಂಟು ದ್ರವ ಸುರಿಯುತ್ತದೆ, ಸ್ವಲ್ಪ ರಕ್ತವೂ ಕಾಣಬಹುದು, ಬ್ಯಾಗಿನಲ್ಲಿ ಪ್ಯಾಡ್ ಇರಲಿ. ಒಂದೆರಡು ದಿನ ಕಳೆದ ಮೇಲೆ ಜ್ವರ ಬಂದರೆ, ವಾಸನೆಯ ಬಿಳಿಮುಟ್ಟು ಹೋದರೆ, ಇಳಿದಿದ್ದ ನೋವು ಮತ್ತೆ ಏರಿದರೆ ಅದು ಸೋಂಕು ಇರಬಹುದು, ಅವತ್ತೇ ತೋರಿಸಿ.

ಬರುವಾಗ ಆಟೋ ಮಾಡಿಕೊಂಡು ಬನ್ನಿ.

ಪ್ರಶ್ನೆ: ನನಗೆ 33, ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ತೊಂದರೆ) ಇದೆ. ಹೋದ ವರ್ಷ ಬೇರೆ ಕಡೆ ಎಗ್ ಪಿಕಪ್ ಆಯಿತು. ಮಧ್ಯದಲ್ಲಿ ನನಗೆ ಎಚ್ಚರವಾಗಿ ಸೂಜಿ ಚುಚ್ಚುವುದು ಗೊತ್ತಾಗುತ್ತಿತ್ತು, ಕಿರುಚಿದ ನೆನಪೂ ಇದೆ. ಆಮೇಲೆ ಕೇಳಿದರೆ ‘ಮತ್ತಿನಲ್ಲಿ ಏನೇನೋ ಅನಿಸುತ್ತೆ, ಹಾಗೇನೂ ಆಗಿಲ್ಲ’ ಅಂದರು. ನಂತರ ಒಂದು ವಾರ ಹೊಟ್ಟೆ ಬಲೂನಿನಂತಾಗಿತ್ತು. ಈಗ ಹೊಸ ಡಾಕ್ಟರ್, ಇನ್ನೊಂದು ಸೈಕಲ್, ಅಂದರೆ ಚಿಕಿತ್ಸೆಯ ಇನ್ನೊಂದು ಸುತ್ತು. ಹಳೆಯದನ್ನು ಹೇಳಿದರೆ ‘ಇವಳು ಗೋಳಾಡೋಳು’ ಅಂದುಕೊಳ್ಳುತ್ತಾರೇನೋ ಅಂತ ಭಯ.
– ಬೆಂಗಳೂರು

ಉತ್ತರ: ಹೇಳಿ ತಾಯಿ. ಮೊದಲನೇ ಭೇಟಿಯಲ್ಲೇ ಹೇಳಿ, ಫೈಲಿನಲ್ಲಿ ಬರೆಸಿ, ಪಿಕಪ್ ದಿನ ಮತ್ತಿನ ಔಷಧಿ ಕೊಡುವ ಅನಸ್ತೇಶಿಯಾ ಡಾಕ್ಟರಿಗೆ ಇನ್ನೊಂದು ಸಲ ಹೇಳಿ. ಅವರಿಗೆ ಇದು ಗೋಳಲ್ಲ, ಬೇಕಾದ ಮಾಹಿತಿ. ಯಾರಿಗೆ ಎಷ್ಟು ಮತ್ತು ಹಿಡಿಯುತ್ತದೆ ಅನ್ನುವುದು ಒಂದೇ ಥರ ಇರುವುದಿಲ್ಲ. ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆಯುವ ಕಾಯಿಲೆ) ಇದ್ದರೆ ನೋವು ಜಾಸ್ತಿ, ಅಂಡಾಶಯ ಎಟುಕದ ಕಡೆ ಇದ್ದರೆ ಸೂಜಿಯ ಕೆಲಸವೂ ಜಾಸ್ತಿ.

ನೋವಿನ ಮಾತು ಕೇಳದಿದ್ದರೆ ಏನಾಗುತ್ತದೆ ನೋಡಿ. 2020ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಫರ್ಟಿಲಿಟಿ ಕ್ಲಿನಿಕ್ಕಿನಲ್ಲಿ ಒಬ್ಬ ನರ್ಸ್ ಫೆಂಟಾನಿಲ್ ಅನ್ನುವ ನೋವಿನ ಔಷಧಿ ಕದ್ದು, ಆ ಬಾಟಲಿಗಳಲ್ಲಿ ಸಲೈನ್ ತುಂಬಿಸಿಡುತ್ತಿದ್ದಳು. 2021ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಳು. ಆಮೇಲೆ ಎಷ್ಟೋ ಹೆಂಗಸರು ಕೋರ್ಟಿಗೆ ಹೋದರು. ಎಗ್ ಪಿಕಪ್ ಆಗುವಾಗಲೇ ನೋಯುತ್ತಿದೆ ಅಂತ ಹೇಳಿದ್ದೆವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅನ್ನುವುದು ಅವರ ದೂರು. ನಿಮ್ಮ ಕ್ಲಿನಿಕ್ಕಿನಲ್ಲಿ ಕಳ್ಳತನ ಆಗಿದೆ ಅಂತ ನಾನು ಹೇಳುತ್ತಿಲ್ಲ, ಸುಮ್ನೆ ಗಾಬರಿಯಾಗಬೇಡಿ. ನೋವು ಅಂದವಳ ಮಾತು ನಂಬಿದ್ದರೆ ಆ ಕಳ್ಳತನ ಬೇಗ ಸಿಕ್ಕಿಬೀಳುತ್ತಿತ್ತೋ ಏನೋ ಅಂತ ನನಗನ್ನಿಸುತ್ತದೆ, ಅಷ್ಟೇ.

ಸರಿಯಾಗಿ ನಡೆದರೆ ಪಿಕಪ್ ಹೇಗಿರುತ್ತದೆ ಅಂತ ಹೇಳುತ್ತೇನೆ. ಟ್ರಿಗರ್ ಇಂಜೆಕ್ಷನ್ (ಅಂಡಾಣು ಪೂರ್ತಿ ಬಲಿಯಲು ಕೊಡುವ ಕೊನೆಯ ಸೂಜಿ) ಆಗಿ 34ರಿಂದ 36 ಗಂಟೆಗೆ ಕರೆಯುತ್ತಾರೆ. ಖಾಲಿ ಹೊಟ್ಟೆ. ಹಸಿರು ಬಟ್ಟೆ, ಬೆರಳಿಗೆ ಕ್ಲಿಪ್ಪು, ಕೈಗೆ ಡ್ರಿಪ್ಪು. ‘ಒಂದರಿಂದ ಹತ್ತು ಎಣಿಸಿ’ ಅನ್ನುತ್ತಿದ್ದೆ, ಏಳು ದಾಟಿದವರನ್ನು ನಾನು ನೋಡಿಲ್ಲ. ಒಬ್ಬಳು ಮಾತ್ರ ಎಣಿಸುವ ಬದಲು ‘ಸಿಸ್ಟರ್, ಗ್ಯಾಸ್ ಆಫ್ ಮಾಡಿದ್ನಾ ನಾನು?’ ಅಂತ ಕೇಳುತ್ತಲೇ ನಿದ್ದೆ ಹೋದಳು. ಸ್ಕ್ಯಾನ್ ನೋಡಿಕೊಂಡು ಯೋನಿಯ ಮೂಲಕ ಸೂಜಿ ಹಾಕಿ ಫಾಲಿಕಲ್ (ಅಂಡಾಣು ಇರುವ ಸಣ್ಣ ಚೀಲ) ದ್ರವ ಎಳೆಯುತ್ತಾರೆ, 15ರಿಂದ 20 ನಿಮಿಷ. 1978ರಲ್ಲಿ ಹುಟ್ಟಿದ ಮೊದಲ ಟೆಸ್ಟ್ ಟ್ಯೂಬ್ ಮಗು ಲೂಯಿಸ್ ಬ್ರೌನ್ ಅಮ್ಮನಿಗೆ ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ರಂಧ್ರ ಮಾಡಿ ಅಂಡಾಣು ತೆಗೆದಿದ್ದರು. ಈಗಿನ ಸ್ಕ್ಯಾನ್ ದಾರಿ 1980ರ ದಶಕದಲ್ಲಿ ಬಂದದ್ದು. ಕೆಲವು ಕಡೆ ಬರೀ ಲೋಕಲ್ (ಆ ಜಾಗ ಮಾತ್ರ ಮರಗಟ್ಟಿಸುವ ಔಷಧಿ) ಕೊಟ್ಟೋ, ಅರೆಮಂಪರಿಗೆ ಹಾಕಿಯೋ ಮಾಡುತ್ತಾರೆ. ಅದಕ್ಕೇ ಮುಂಚೆಯೇ ಬಾಯಿಬಿಟ್ಟು ಕೇಳಿ: ನನಗೆ ಕೊಡೋದು ಯಾವ ಮತ್ತು, ಕೊಡೋರು ಯಾರು, ಅವರು ಪೂರ್ತಿ ಹೊತ್ತು ಪಕ್ಕದಲ್ಲೇ ಇರುತ್ತಾರಾ, ಮಧ್ಯೆ ಎಚ್ಚರವಾದರೆ ಏನು ಮಾಡುತ್ತೀರಿ? ಸಹಿ ಹಾಕಿಸಿಕೊಳ್ಳುವ ಕನ್ಸೆಂಟ್ ಫಾರ್ಮ್ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ವಿವರಿಸಿ ಅನ್ನಿ. ನೀವು ಓದಿದವರೇ ಇರಬಹುದು, ಆದರೆ ಆ ದಿನ ತಲೆ ಓಡುವುದಿಲ್ಲ.

ಆಮೇಲಿನ ನೋವು. ಮುಟ್ಟಿನ ಎರಡನೇ ದಿನದಂಥ ಸೆಳೆತ, ಕೂತು ಏಳುವಾಗ ಕಿಬ್ಬೊಟ್ಟೆ ಭಾರ, ಒಂದೆರಡು ದಿನ ಸ್ವಲ್ಪ ರಕ್ತ, ಇವು ಮಾಮೂಲು. ಬಾದಾಮಿಯಷ್ಟಿದ್ದ ಅಂಡಾಶಯ ಮೂಸಂಬಿಯಷ್ಟಾಗಿರುತ್ತದೆ, ನೋಯದೆ ಇನ್ನೇನು? ಪ್ಯಾರಾಸಿಟಮಾಲ್ ತಗೊಳ್ಳಬಹುದು, 650ರದ್ದಾದರೆ ಆರು ಗಂಟೆಗೆ ಒಂದರಂತೆ, ದಿನಕ್ಕೆ 4ಕ್ಕಿಂತ ಜಾಸ್ತಿ ಬೇಡ. ಲಿವರ್ ತೊಂದರೆ ಇದ್ದವರು ಕೇಳಿಯೇ ತಗೊಳ್ಳಿ. ಎಚ್‌ಎಸ್‌ಜಿಗೆ ಹೇಳಿದ ಐಬುಪ್ರೊಫೆನ್, ಮೆಫೆನಮಿಕ್, ಡೈಕ್ಲೊಫೆನಾಕ್ ಇವನ್ನು ಪಿಕಪ್ ಮತ್ತು ಟ್ರಾನ್ಸ್‌ಫರ್ (ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದು) ಸಮಯದಲ್ಲಿ ಡಾಕ್ಟರ್ ಹೇಳದೆ ಮುಟ್ಟಬೇಡಿ. ಮನೆಯ ಡಬ್ಬಿಯಲ್ಲಿ ಇರುವುದು ಅವೇ, ಅದಕ್ಕೆ ಒತ್ತಿ ಹೇಳುತ್ತಿದ್ದೇನೆ. ಇನ್ನೊಂದು, ಯಾರೂ ಹೇಳದ ವಿಷಯ: ಅರ್ಧ ಹೊಟ್ಟೆನೋವು ಮಲಬದ್ಧತೆಯದ್ದು. ಮತ್ತಿನ ಔಷಧಿ, ಪ್ರೊಜೆಸ್ಟರಾನ್ (ಗರ್ಭ ನಿಲ್ಲಲು ಕೊಡುವ ಹಾರ್ಮೋನ್), ಮಲಗೇ ಇರುವುದು, ಮೂರೂ ಸೇರಿ ಹೊಟ್ಟೆ ಕಟ್ಟುತ್ತದೆ. ನೀರು ಕುಡಿಯಿರಿ, ಸೊಪ್ಪು, ಹಣ್ಣು ತಿನ್ನಿ, ಮನೆಯೊಳಗೇ ಓಡಾಡಿ, ಸರಿಹೋಗದಿದ್ದರೆ ಇಸಬಗೋಲ್ ತಗೊಳ್ಳಬಹುದಾ ಕೇಳಿ.

ಈಗ ಬಲೂನಿನ ವಿಷಯ. ಪಿಸಿಒಎಸ್ ಇದ್ದು ಅಂಡಾಣು ತುಂಬಾ ಬಂದವರಿಗೆ ಓಎಚ್‌ಎಸ್‌ಎಸ್ (ಅಂಡಾಶಯ ಅತಿಯಾಗಿ ಊದಿಕೊಳ್ಳುವುದು) ಆಗುವ ಸಾಧ್ಯತೆ ಜಾಸ್ತಿ. ರಕ್ತನಾಳದಿಂದ ನೀರು ಜಿನುಗಿ ಹೊಟ್ಟೆಯಲ್ಲಿ ತುಂಬುತ್ತದೆ. ಹೋದ ಸಲ ನಿಮಗೆ ಇದರ ಸಣ್ಣ ರೂಪ ಆಗಿರಬಹುದು, ಹೊಸ ಡಾಕ್ಟರಿಗೆ ಇದನ್ನೂ ಹೇಳಿ. ಇಂಥವರಿಗೆ ಟ್ರಿಗರ್ ಇಂಜೆಕ್ಷನ್ ಬದಲಿಸುತ್ತಾರೆ, ಎಲ್ಲ ಭ್ರೂಣ ಫ್ರೀಜ್ ಮಾಡಿ ಟ್ರಾನ್ಸ್‌ಫರ್ ಮುಂದೆ ಹಾಕುತ್ತಾರೆ. ಪಿಕಪ್ ಆದ ಮಾರನೇ ದಿನದಿಂದ ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋಗಿ ಬಂದು ತೂಕ ನೋಡಿ ಬರೆದಿಡಿ. ಒಂದೇ ದಿನದಲ್ಲಿ 1 ಕಿಲೋಗಿಂತ ಜಾಸ್ತಿ ಏರಿದರೆ, ಮೂತ್ರ ಕಡಿಮೆಯಾದರೆ, ನಿಲ್ಲದ ವಾಂತಿ, ಮಲಗಿದಾಗ ಉಸಿರು ಕಟ್ಟುವುದು ಇದ್ದರೆ ರಾತ್ರಿಯಾದರೂ ಫೋನ್ ಮಾಡಿ. ಒಂದೇ ಕಡೆ ದಿಢೀರಂತ ತಿರುಚಿದ ಹಾಗೆ ನೋವು ಬಂದು ವಾಂತಿಯಾದರೆ ಅಂಡಾಶಯ ತಿರುಚಿಕೊಂಡಿರಬಹುದು, ಆಗ ಫೋನೂ ಬೇಡ, ನೇರ ಆಸ್ಪತ್ರೆ. ಗಂಟೆಗೊಂದು ಪ್ಯಾಡ್ ತೊಯ್ದರೆ, ತಲೆ ಸುತ್ತಿ ಬಿದ್ದರೆ, 100.4 ಡಿಗ್ರಿ ಜ್ವರ ಬಂದರೆ ಆಗಲೂ ಅಷ್ಟೇ.

ಈ ಫೋನ್ ನಂಬರನ್ನು ಪಿಕಪ್ ದಿನವೇ ಕೇಳಿ ಫ್ರಿಜ್ಜಿನ ಮೇಲೆ ಅಂಟಿಸಿ. ರಿಸೆಪ್ಷನ್ ನಂಬರ್ ಅಲ್ಲ, ರಾತ್ರಿ ಎತ್ತುವ ನಂಬರ್.

ಪ್ರಶ್ನೆ: ಅಂಡಾಣು ಬೆಳೆಯಲು ದಿನಾ ಹೊಟ್ಟೆಗೆ ಹಾಕಿಕೊಳ್ಳುವ ಇಂಜೆಕ್ಷನ್ ಉರಿಯುತ್ತದೆ, ಅಲ್ಲಲ್ಲಿ ನೀಲಿಗಟ್ಟಿದೆ. ನಾನೇ ತಪ್ಪು ಮಾಡುತ್ತಿದ್ದೇನಾ?
– ತುಮಕೂರು

ಉತ್ತರ: ಇಲ್ಲ. ಫ್ರಿಜ್ಜಿನಿಂದ ತೆಗೆದದ್ದನ್ನು ಸ್ವಲ್ಪ ಹೊತ್ತು ಹೊರಗಿಟ್ಟು ಆಮೇಲೆ ಚುಚ್ಚಿ. ಸ್ಪಿರಿಟ್ ಪೂರ್ತಿ ಆರಲಿ, ಅರ್ಧ ಉರಿ ಅದರದ್ದೇ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಹೊಕ್ಕುಳಿಂದ ಎರಡು ಬೆರಳಾದರೂ ದೂರ, ಇವತ್ತು ಎಡ, ನಾಳೆ ಬಲ. ಔಷಧಿ ನಿಧಾನಕ್ಕೆ ಒತ್ತಿ. ಆದ ಮೇಲೆ ಉಜ್ಜಬೇಡಿ. ಸಣ್ಣ ನೀಲಿಗೆ ಹೆದರಬೇಡಿ.

ಪ್ರಶ್ನೆ: ಸಿಸ್ಟರ್, ಬರೆಯುತ್ತಿರುವುದು ಗಂಡ. ಹೆಂಡತಿಗೆ ಟ್ರಾನ್ಸ್‌ಫರ್ ಆಗಿ ದಿನಾ ಪ್ರೊಜೆಸ್ಟರಾನ್ ಇಂಜೆಕ್ಷನ್. ಎರಡೂ ಕಡೆ ಗಂಟು ಕಟ್ಟಿದೆ, ಕೂರೋಕೂ ಆಗುತ್ತಿಲ್ಲ. ಸಂಜೆ ಆರಾಗುತ್ತಲೇ ಅವಳ ಮುಖ ಸಣ್ಣದಾಗುತ್ತದೆ. ನೋಡೋಕಾಗುತ್ತಿಲ್ಲ. ಬೇಡ ಅಂತ ಬಿಟ್ಟುಬಿಡಲಾ?
– ಶಿವಮೊಗ್ಗ

ಉತ್ತರ: ನೀವು ಬರೆದದ್ದು ನೋಡಿ ಖುಷಿಯಾಯಿತು. ಆದರೆ ನೀವಾಗಿ ನಿಲ್ಲಿಸಬೇಡಿ. ಗರ್ಭ ನಿಲ್ಲಲು ಆ ಔಷಧಿ ಬೇಕು. ಕೊಡುವ ದಾರಿಯನ್ನು ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಯೋನಿಯಲ್ಲಿ ಇಡುವ ಮಾತ್ರೆ, ಜೆಲ್ ಇವೆ, ಚರ್ಮದ ಕೆಳಗೆ ಕೊಡುವ ಸಣ್ಣ ಸೂಜಿಯದ್ದೂ ಇದೆ. ಎಲ್ಲರಿಗೂ ಹೊಂದುವುದಿಲ್ಲ, ಕೇಳುವುದರಲ್ಲಿ ನಷ್ಟವಿಲ್ಲ.

ಈ ಔಷಧಿ ಎಣ್ಣೆಯಲ್ಲಿ ಇರುತ್ತದೆ. ಎಣ್ಣೆ ಚಳಿಗೆ ಗಟ್ಟಿ, ಬೆಚ್ಚಗಾದರೆ ತೆಳ್ಳಗೆ, ಅಡುಗೆಮನೆಯಲ್ಲಿ ನೋಡಿದ್ದೀರಲ್ಲ. ಹಾಗಾಗಿ ಆಂಪೂಲನ್ನು ಐದು ಹತ್ತು ನಿಮಿಷ ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಈ ಕೆಲಸ ನಿಮ್ಮದು. ಬಿಸಿನೀರಲ್ಲಿ ಕುದಿಸಬೇಡಿ. ಅವರು ಬೋರಲು ಮಲಗಿ ಕಾಲಿನ ಹೆಬ್ಬೆರಳುಗಳನ್ನು ಒಳಮುಖ ಮಾಡಲಿ, ಆಗ ಪೃಷ್ಠದ ಮಾಂಸ ಸಡಿಲವಾಗುತ್ತದೆ. ನಿಂತು ಹಾಕಿಸಿಕೊಂಡರೆ ಚುಚ್ಚುವ ಕಡೆಯ ಕಾಲಿನ ಮೇಲೆ ಭಾರ ಬಿಡಬಾರದು. ಜಾಗ ಮೇಲ್ಭಾಗದ ಹೊರಮೂಲೆ. ದಿನಾ ಕಡೆ ಬದಲಿಸಿ, ಗಂಟಿನ ಮೇಲೇ ಮತ್ತೆ ಬೇಡ. ಆದ ಮೇಲೆ ಮೆಲ್ಲಗೆ ನೀವಿ, ಬೆಚ್ಚಗಿನ ಬಟ್ಟೆಯ ಶಾಖ ಕೊಡಿ, ಹತ್ತು ನಿಮಿಷ ಇಬ್ಬರೂ ನಡೆದು ಬನ್ನಿ. ಶಾಖ ಅಲ್ಲಿಗೆ ಮಾತ್ರ, ಹೊಟ್ಟೆಗೆ ಬೇಡ. ನೋವಿನ ಜೆಲ್‌ಗಳಲ್ಲೂ ಅದೇ ಡೈಕ್ಲೊಫೆನಾಕ್ ಇರುತ್ತದೆ, ಕೇಳದೆ ಹಚ್ಚಬೇಡಿ. ಚುಚ್ಚಿದ ಕೂಡಲೇ ಕಾಲಿನವರೆಗೆ ಶಾಕ್ ಹೊಡೆದ ಹಾಗಾದರೆ ತಕ್ಷಣ ಹೇಳಲಿ, ಸೂಜಿ ನರಕ್ಕೆ ತಾಗಿರಬಹುದು. ಗಂಟು ಕೆಂಪಗೆ ಬಿಸಿಯಾಗಿ ಜ್ವರ ಬಂದರೆ ಕೀವು, ತೋರಿಸಲೇಬೇಕು.

ಮತ್ತೆ, ಸಂಜೆ ಆರಕ್ಕೆ ‘ಸ್ವಲ್ಪ ಸಹಿಸ್ಕೋ’ ಅನ್ನಬೇಡಿ. ಅವರು ಸಹಿಸುತ್ತಲೇ ಇದ್ದಾರೆ.

ಪ್ರಶ್ನೆ: ಮೇಡಮ್ಮಾರ, ನನ್ನ ಸೊಸಿಗೆ ಟ್ರಾನ್ಸ್‌ಫರ್ ಆತು. ಡಾಕ್ಟರ್ ಎರಡ ದಿನ ಬಿಟ್ಟು ಕೆಲಸಕ್ಕ ಹೋಗ್ರಿ ಅಂದ್ರು. ನಾ ಹದಿನೈದ ದಿನ ಹಾಸಿಗಿ ಬಿಟ್ಟು ಏಳಬ್ಯಾಡ ಅಂದೀನಿ. ಈಗ ಟೊಂಕ ಬ್ಯಾನಿ, ಕಾಲ್ ಜೋಮು ಅಂತಾಳ. ನಾ ಮಾಡಿದ್ದು ತಪ್ಪೇನ್ರಿ?
– ಹುಬ್ಬಳ್ಳಿ

ಉತ್ತರ: ತಪ್ಪು ಅನ್ನಲ್ಲ ಅಮ್ಮಾ, ಪ್ರೀತಿಯಿಂದಲೇ ಮಾಡಿದ್ದೀರಿ. ಆದರೆ ಎಬ್ಬಿಸಿ. ಟ್ರಾನ್ಸ್‌ಫರ್ ಆದ ಮೇಲೆ ಮಲಗಿಯೇ ಇದ್ದರೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುವುದಿಲ್ಲ ಅಂತ ಅಧ್ಯಯನಗಳು ಹೇಳಿವೆ. ಭ್ರೂಣ ಜಾರಿ ಬೀಳುವ ವಸ್ತು ಅಲ್ಲ. ಮೂತ್ರಕ್ಕೆ ಹೋದರೂ, ಮೆಟ್ಟಿಲು ಹತ್ತಿದರೂ, ಸೀನಿದರೂ ಬೀಳುವುದಿಲ್ಲ. ಗರ್ಭಕೋಶದ ಗೋಡೆಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ, ಎರಡು ರೊಟ್ಟಿಯ ನಡುವೆ ಒಂದು ಎಳ್ಳು ಇದ್ದ ಹಾಗೆ. ಟೊಂಕನೋವು, ಜೋಮು ಮಲಗಿದ್ದಕ್ಕೇ ಬಂದದ್ದಿರಬಹುದು. ಮನೆಕೆಲಸ ಹಗುರವಾಗಿ ಮಾಡಲಿ, ಕೊಡ ಎತ್ತುವುದು ಬೇಡ. ಒಂದೇ ಕಾಲು ಊದಿ ನೋಯುತ್ತಿದ್ದರೆ ಮಾತ್ರ ಜೋಮು ಅಂತ ಬಿಡಬೇಡಿ, ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಕರೆದುಕೊಂಡು ಹೋಗಿ.

ಇನ್ನೊಂದು ನೆನಪಿಡಿ. ರಿಪೋರ್ಟ್ ಪಾಸಿಟಿವ್ ಬಂದ ಮೇಲೆ ಹೊಟ್ಟೆಯ ಒಂದೇ ಬದಿಗೆ ಜೋರು ನೋವು, ಹೆಗಲ ತುದಿ ನೋವು, ತಲೆಸುತ್ತು ಬಂದರೆ ಗರ್ಭ ಟ್ಯೂಬಿನಲ್ಲಿ ಕೂತಿರಬಹುದು. ಐವಿಎಫ್‌ನಲ್ಲೂ ಹಾಗಾಗುವುದುಂಟು. ಆಗ ಕಾಯಬೇಡಿ.

ಪ್ರಶ್ನೆ: ಎರಡನೇ ಟ್ರಾನ್ಸ್‌ಫರೂ ಫೇಲ್. ಬೀಟಾ (ಗರ್ಭ ನಿಂತಿದೆಯಾ ಅಂತ ನೋಡುವ ರಕ್ತಪರೀಕ್ಷೆ) ನೆಗೆಟಿವ್ ಬಂತು, ಔಷಧಿ ನಿಲ್ಲಿಸಿದ ನಾಲ್ಕನೇ ದಿನ ಪೀರಿಯಡ್ಸ್. ಇಂಥ ನೋವು ನಾನು ಕಂಡಿಲ್ಲ, ಗಡ್ಡೆಗಡ್ಡೆಯಾಗಿ ಹೋಗುತ್ತಿದೆ. ನನ್ನ ಮಗುವೇ ಹೋಗುತ್ತಿದೆ ಅನಿಸಿ ಬಾತ್‌ರೂಮಿನಲ್ಲಿ ಕೂತು ಅಳುತ್ತೇನೆ. ಇದರ ಮೇಲೆ ನಾದಿನಿಯ ಸೀಮಂತ ಬಂದಿದೆ. ಹೋಗದಿದ್ದರೆ ಹೊಟ್ಟೆಕಿಚ್ಚು ಅನ್ನುತ್ತಾರೆ.
– ಮೈಸೂರು

ಉತ್ತರ: ಆ ನೋವು ನಿಮ್ಮ ಕಲ್ಪನೆ ಅಲ್ಲ. ವಾರಗಟ್ಟಲೆ ಮಾತ್ರೆ ಕೊಟ್ಟು ಗರ್ಭಕೋಶದ ಒಳಪದರವನ್ನು ದಪ್ಪ ಮಾಡಿರುತ್ತಾರೆ. ಪ್ರೊಜೆಸ್ಟರಾನ್ ನಿಂತ ಮೇಲೆ ಅದೆಲ್ಲ ಒಟ್ಟಿಗೆ ಕಳಚುತ್ತದೆ. ಅದಕ್ಕೆ ಎಷ್ಟೋ ಜನರಿಗೆ ಈ ಮುಟ್ಟು ಮಾಮೂಲಿಗಿಂತ ಜೋರು, ಗಡ್ಡೆಯೂ ಜಾಸ್ತಿ. ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೆ ತೋರಿಸಿ. ಇಲ್ಲದಿದ್ದರೆ, ರಿಪೋರ್ಟ್ ನೆಗೆಟಿವ್ ಅಂತ ಖಚಿತವಾಗಿರುವುದರಿಂದ ಮುಂಚೆ ತಗೊಳ್ಳುತ್ತಿದ್ದ ಮುಟ್ಟಿನ ಮಾತ್ರೆ ಈಗ ತಗೊಳ್ಳಬಹುದಾ ಅಂತ ಒಂದು ಫೋನ್ ಮಾಡಿ ಕೇಳಿ. ಬಿಸಿನೀರಿನ ಚೀಲ ಈಗ ಹೊಟ್ಟೆಯ ಮೇಲೇ ಇಟ್ಟುಕೊಳ್ಳಿ. ಇಷ್ಟು ದಿನ ಬೇಡ ಅಂದಿದ್ದರು ಅಲ್ವಾ, ಅದನ್ನು ಕೈಗೆ ತಗೊಳ್ಳುವಾಗಲೂ ಅಳು ಬರುತ್ತದೆ, ನನ್ನ ಹತ್ತಿರ ಹೇಳಿಕೊಂಡವರಿದ್ದಾರೆ.

ಸೀಮಂತಕ್ಕೆ ಹೋಗಬೇಡಿ. ಸೀರೆ ಕೊಟ್ಟು ಕಳಿಸಿ, ಒಂದು ಫೋನ್ ಮಾಡಿ ಮುಗಿಸಿ. ಕಾರಣ ಕೇಳಿದರೆ ‘ಹೊರಗಾಗಿದ್ದೀನಿ’ ಅನ್ನಿ, ನಮ್ಮ ಮನೆಗಳಲ್ಲಿ ಆಮೇಲೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಆ ಕಟ್ಟಳೆ ನನಗೆ ಯಾವತ್ತೂ ಹಿಡಿಸಿಲ್ಲ, ಒಂದು ಸಲವಾದರೂ ನಮ್ಮ ಉಪಯೋಗಕ್ಕೆ ಬರಲಿ ಬಿಡಿ. ರಾತ್ರಿ ನಿದ್ದೆ ಬರದೆ, ಬದುಕೇ ಬೇಡ ಅನಿಸಿದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ-ಮಾನಸ್, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಸೈಕಲ್ ಯಾವಾಗ ಅಂತ ಯಾರಾದರೂ ಕೇಳಿದರೆ ಈ ತಿಂಗಳು ಉತ್ತರ ಕೊಡಲೇಬೇಡಿ.

ಪ್ರಶ್ನೆ: ಎಗ್ ಪಿಕಪ್ ಆಗಿ ಎಷ್ಟು ದಿನಕ್ಕೆ ಸ್ಕೂಟಿ ಓಡಿಸಬಹುದು?
– ಹಾಸನ

ಉತ್ತರ: ಮತ್ತಿನ ಔಷಧಿ ಇಳಿಯಲು 24 ಗಂಟೆ ಬೇಕು, ಅಲ್ಲಿವರೆಗೆ ಗಾಡಿ ಮುಟ್ಟಲೇಬೇಡಿ. ಆಮೇಲೂ ಹೊಟ್ಟೆ ಉಬ್ಬರ ಇಳಿಯುವವರೆಗೆ ಸ್ಕೂಟಿ ಬೇಡ, ಓಟ, ಜಿಗಿತವೂ ಬೇಡ. ಹಂಪ್ ಇಲ್ಲದ ರಸ್ತೆ ನಿಮ್ಮೂರಲ್ಲಿ ಇದ್ದರೆ ನನಗೂ ತಿಳಿಸಿ.